ಗಾಂಧಿ ಹತ್ಯೆಯ ಪಿಸ್ತೂಲು: ಯುದ್ಧದಿಂದ ಬಂದ ಆಯುಧದ ಬಗ್ಗೆ ಫಾರ್ವರ್ಡ್ ಹೇಳುವುದೇನು, ದಾಖಲೆ ಹೇಳುವುದೇನು?

ಜನವರಿ 30 ಹತ್ತಿರ ಬಂದಾಗ, ಅಕ್ಟೋಬರ್ 2ರ ಆಸುಪಾಸಿನಲ್ಲಿ ಒಂದೇ ತರಹದ ಮೆಸೇಜ್‌ಗಳು ನಮಗೆ ಮತ್ತೆ ಮತ್ತೆ ಬರುತ್ತವೆ. ಈ ಸಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಕಡೆಯ ಓದುಗರು ಕಳಿಸಿದ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಎಲ್ಲವೂ ಒಂದು ಪಿಸ್ತೂಲಿನ ಸುತ್ತಲೇ ಇದ್ದವು. ಮಹಾತ್ಮ ಗಾಂಧಿಯವರ ಪ್ರಾಣ ತೆಗೆದ ಪಿಸ್ತೂಲು ಅದು. ಹೊನ್ನಾಳಿ ತಾಲ್ಲೂಕಿನ ಒಬ್ಬ ಪಿಯು ವಿದ್ಯಾರ್ಥಿನಿ ಫಾರ್ವರ್ಡ್ ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿದ್ದಳು: "ಹುತಾತ್ಮರ ದಿನಕ್ಕೆ ಭಾಷಣ ಮಾಡಬೇಕು. ಮೂರು ಗುಂಡು ಅಂತ ಹೇಳಲಾ, ನಾಲ್ಕು ಅಂತ ಹೇಳಲಾ?"

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕಾದರೆ ಇಟಲಿಯ ಒಂದು ಕಾರ್ಖಾನೆಯಿಂದ ಆಫ್ರಿಕಾದ ಯುದ್ಧಭೂಮಿಗೆ, ಅಲ್ಲಿಂದ ಗ್ವಾಲಿಯರ್‌ಗೆ, ಕೊನೆಗೆ ದೆಹಲಿಯ ಕೆಂಪು ಕೋಟೆಯಲ್ಲಿ ನಡೆದ ವಿಚಾರಣೆಗೆ ಹೋಗಿ ಬರಬೇಕು. ಹಾಗಾಗಿ ಈ ಸಲ ಒಂದೊಂದು ಫಾರ್ವರ್ಡ್‌ಗೆ ಬೇರೆ ಬೇರೆ ಉತ್ತರ ಬರೆಯುವ ಬದಲು, ಪಿಸ್ತೂಲಿನ ಪೂರ್ತಿ ಹಿನ್ನೆಲೆಯನ್ನೇ ಇಲ್ಲಿ ವಿವರಿಸುತ್ತಿದ್ದೇವೆ.

ಫಾರ್ವರ್ಡ್‌ಗಳಲ್ಲಿ ಏನಿದೆ?

ನಮಗೆ ಬಂದ ಮೆಸೇಜ್‌ಗಳನ್ನು ಒಟ್ಟುಗೂಡಿಸಿದರೆ ಮುಖ್ಯವಾಗಿ ನಾಲ್ಕು ಮಾತುಗಳು ಸಿಗುತ್ತವೆ. ಒಂದು, ಗುಂಡು ಹಾರಿಸುವ ಕ್ಷಣದ "ನಿಜವಾದ ಫೋಟೊ" ಇದು. ಎರಡು, ಅದು ಬ್ರಿಟಿಷ್ ಸೇನೆಯ ರಿವಾಲ್ವರ್, ಆದ್ದರಿಂದ ಹತ್ಯೆ ಮಾಡಿಸಿದವರು ಬ್ರಿಟಿಷರು. ಮೂರು, ಪಿಸ್ತೂಲು ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಕೇಸೇ ಸುಳ್ಳು. ನಾಲ್ಕು, ಮೂರಲ್ಲ, ನಾಲ್ಕು ಗುಂಡು ಹಾರಿದ್ದವು. ನಾಲ್ಕನೆಯದನ್ನು ಹಾರಿಸಿದವನು ಬೇರೆ.

ಒಂದೊಂದಾಗಿ ನೋಡೋಣ.

ಮೊದಲು ಆ ಫೋಟೊ

ಕಪ್ಪು-ಬಿಳುಪು ಚಿತ್ರ. ಕೈಮುಗಿದು ನಿಂತ ಗಾಂಧೀಜಿ, ಎದುರಿಗೆ ಪಿಸ್ತೂಲು ಹಿಡಿದ ಒಬ್ಬ ವ್ಯಕ್ತಿ. ಇದು ನಿಜವಾದ ಘಟನೆಯ ಫೋಟೊ ಅಲ್ಲ. 1963ರಲ್ಲಿ ಬಂದ "ನೈನ್ ಅವರ್ಸ್ ಟು ರಾಮ" ಎಂಬ ಇಂಗ್ಲಿಷ್ ಸಿನಿಮಾದ ದೃಶ್ಯ. ಮಾರ್ಕ್ ರಾಬ್ಸನ್ ಅದರ ನಿರ್ದೇಶಕ. ಚಿತ್ರದಲ್ಲಿ ಪಿಸ್ತೂಲು ಹಿಡಿದಿರುವುದು ಹಾರ್ಸ್ಟ್ ಬುಖ್‌ಹೋಲ್ಜ್ ಎಂಬ ಜರ್ಮನ್ ನಟ.

1948ರ ಜನವರಿ 30ರ ಸಂಜೆ 5 ಗಂಟೆ ದಾಟಿದ ಮೇಲೆ ದೆಹಲಿಯ ಬಿರ್ಲಾ ಭವನದ ಹುಲ್ಲುಹಾಸಿನ ಮೇಲೆ ಗುಂಡು ಹಾರಿದ ಆ ಕ್ಷಣವನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ಅಂದು ಬೆಳಿಗ್ಗೆಯಿಂದ ಗಾಂಧೀಜಿಯನ್ನು ಕಂಡ ಪತ್ರಕರ್ತರಿದ್ದರು, ಸಾವಿನ ನಂತರದ ಚಿತ್ರಗಳಿವೆ, ಅಂತ್ಯಯಾತ್ರೆಯ ಚಿತ್ರಗಳಿವೆ. ಆ ಕ್ಷಣದ್ದು ಮಾತ್ರ ಇಲ್ಲ. ಹಾಗಾಗಿ "ಆ ಕ್ಷಣದ ಅಸಲಿ ಫೋಟೊ" ಎಂದು ಯಾವ ಚಿತ್ರ ಬಂದರೂ ಅಲ್ಲೇ ನಿಲ್ಲಿಸಿಬಿಡಬಹುದು.

ಇನ್ನು ಕೆಲವು ಫಾರ್ವರ್ಡ್‌ಗಳಲ್ಲಿ ಪಿಸ್ತೂಲಿನ ಚಿತ್ರವೇ ತಪ್ಪು. "ಬೆರೆಟ್ಟಾ" ಎಂದು ಹುಡುಕಿದಾಗ ಮೊದಲು ಸಿಗುವ, ಹಾಲಿವುಡ್ ಸಿನಿಮಾಗಳಲ್ಲಿ ಕಾಣುವ ದೊಡ್ಡ ಪಿಸ್ತೂಲನ್ನು ಹಾಕಿರುತ್ತಾರೆ. ಅದು ಅದೇ ಕಂಪನಿ 1970ರ ದಶಕದಲ್ಲಿ ತಂದ ಮಾದರಿ. 1948ರಲ್ಲಿ ಅದು ಹುಟ್ಟಿಯೇ ಇರಲಿಲ್ಲ.

ಹಾಗಾದರೆ ಅದು ಯಾವ ಪಿಸ್ತೂಲು?

ಸ್ಥಳದಲ್ಲೇ ನಾಥೂರಾಮ್ ಗೋಡ್ಸೆಯಿಂದ ವಶಪಡಿಸಿಕೊಂಡದ್ದು ಇಟಲಿಯ ಬೆರೆಟ್ಟಾ ಕಂಪನಿಯ ಪಿಸ್ತೂಲು. ಮಾದರಿಯ ಹೆಸರು ಎಂ 1934. ಸರಣಿ ಸಂಖ್ಯೆ 606824. ಬ್ರಿಟಿಷ್ ಆಯುಧ ಅಲ್ಲ ಎನ್ನುವುದು ಇಲ್ಲಿಗೇ ಸ್ಪಷ್ಟ.

ಬೆರೆಟ್ಟಾ ಉತ್ತರ ಇಟಲಿಯ ಬ್ರೆಶಾ ಪ್ರಾಂತ್ಯದ ಗಾರ್ದೊನೆ ಎಂಬ ಕಣಿವೆ ಊರಿನ ಕಂಪನಿ. 1526ರಲ್ಲಿ ವೆನಿಸ್ ರಾಜ್ಯಕ್ಕೆ ಬಂದೂಕಿನ ನಳಿಗೆ ಮಾಡಿಕೊಟ್ಟ ಲೆಕ್ಕ ಆ ಕುಟುಂಬದ ಹೆಸರಿನಲ್ಲಿದೆ. 1930ರ ದಶಕದ ಮೊದಲಲ್ಲಿ ಇಟಲಿಯ ಸೇನೆ ಜರ್ಮನಿಯ ವಾಲ್ಟರ್ ಪಿಸ್ತೂಲನ್ನು ಪರೀಕ್ಷಿಸುತ್ತಿದೆ ಎಂದು ಗೊತ್ತಾದಾಗ, ಆರ್ಡರ್ ಕೈತಪ್ಪಬಾರದೆಂದು ಬೆರೆಟ್ಟಾ ತಯಾರಿಸಿದ ಮಾದರಿಯೇ ಎಂ 1934. ಸುಮಾರು 15 ಸೆಂಟಿಮೀಟರ್ ಉದ್ದ, ಗುಂಡು ತುಂಬದಿದ್ದಾಗ ಮುಕ್ಕಾಲು ಕಿಲೋಗಿಂತ ಕಡಿಮೆ ತೂಕ. ಚಪ್ಪಟೆ ಆಕಾರ, ಕಡಿಮೆ ಬಿಡಿಭಾಗಗಳು. ಕೋಟಿನ ಜೇಬಿನಲ್ಲಿ ಸಲೀಸಾಗಿ ಕೂರುತ್ತದೆ. 1991ರವರೆಗೆ ಇದು ತಯಾರಾಯಿತು. ಒಟ್ಟು 10 ಲಕ್ಷಕ್ಕೂ ಹೆಚ್ಚು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಲವು ಮೆಸೇಜ್‌ಗಳು "1934ರಲ್ಲಿ ತಯಾರಾದ ಪಿಸ್ತೂಲು" ಎನ್ನುತ್ತವೆ. ಹೆಸರಿನಲ್ಲಿರುವ 1934 ಮಾದರಿಯ ವರ್ಷ. 1940ರಲ್ಲಿ ತಯಾರಾದ ಪಿಸ್ತೂಲಿನ ಮೇಲೂ ಮಾದರಿ 1934 ಎಂದೇ ಕೆತ್ತಿರುತ್ತಾರೆ. ತಯಾರಾದ ವರ್ಷವನ್ನು ಪಕ್ಕದಲ್ಲಿ ಬೇರೆಯಾಗಿ ಹಾಕುತ್ತಿದ್ದರು. ಮುಸೊಲಿನಿಯ ಆಡಳಿತ 1922ರಿಂದ ಹೊಸ ಶಕೆಯೊಂದನ್ನು ಎಣಿಸುತ್ತಿತ್ತು. ಆ ಶಕೆಯ ವರ್ಷವನ್ನೂ ರೋಮನ್ ಅಂಕಿಯಲ್ಲಿ ಜೊತೆಗೆ ಕೆತ್ತುತ್ತಿದ್ದರು. ಸೇನೆಗೆ ಹೋದ ಪಿಸ್ತೂಲುಗಳಿಗೆ "ಆರ್.ಇ." ಎಂಬ ಮುದ್ರೆ, ಅಂದರೆ ಇಟಲಿಯ ರಾಜಸೇನೆ. ನೌಕಾಪಡೆ, ವಾಯುಪಡೆಗೆ ಬೇರೆ ಮುದ್ರೆ. ಆಯುಧದ ಮೈಯೇ ಅದರ ಮೊದಲ ದಾಖಲೆ.

ರಿವಾಲ್ವರ್ ಅಲ್ಲ, "ಮಷಿನ್ ಗನ್" ಕೂಡ ಅಲ್ಲ

ಕನ್ನಡದಲ್ಲಿ ಮಾತಾಡುವಾಗ ನಾವು ಪಿಸ್ತೂಲು, ರಿವಾಲ್ವರ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ದಿನನಿತ್ಯದ ಮಾತಿಗೆ ತೊಂದರೆಯಿಲ್ಲ. ಆದರೆ ನಾಲ್ಕನೇ ಗುಂಡಿನ ವಾದ ಅರ್ಥವಾಗಬೇಕಾದರೆ ವ್ಯತ್ಯಾಸ ಗೊತ್ತಿರಬೇಕು.

ರಿವಾಲ್ವರ್‌ನಲ್ಲಿ ತಿರುಗುವ ಒಂದು ಉರುಳೆ ಇರುತ್ತದೆ. ಸಾಮಾನ್ಯವಾಗಿ ಆರು ಗುಂಡು ಹಿಡಿಯುತ್ತದೆ. ಹಾರಿಸಿದ ಮೇಲೆ ಖಾಲಿ ತೋಟೆ ಉರುಳೆಯಲ್ಲೇ ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳ ಸೊಂಟದಲ್ಲಿ ಹೆಚ್ಚಾಗಿ ಇದ್ದದ್ದು ಎನ್‌ಫೀಲ್ಡ್, ವೆಬ್ಲಿ ರಿವಾಲ್ವರ್‌ಗಳು.

ಬೆರೆಟ್ಟಾ ಹಾಗಲ್ಲ. ಹಿಡಿಕೆಯೊಳಗೆ ಏಳು ಗುಂಡುಗಳ ಮ್ಯಾಗಜೀನ್. ಒಂದು ಗುಂಡು ಹಾರಿದಾಗ ಅದರ ಅನಿಲದ ಒತ್ತಡಕ್ಕೆ ಮೇಲ್ಭಾಗದ ಸ್ಲೈಡ್ ಹಿಂದೆ ಸರಿಯುತ್ತದೆ, ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ, ಸ್ಪ್ರಿಂಗ್ ಬಲದಿಂದ ಮುಂದೆ ಬರುವಾಗ ಮುಂದಿನ ಗುಂಡನ್ನು ಒಳಗೆ ಕೂರಿಸುತ್ತದೆ. ಹಾರಿಸುವವನು ಪ್ರತಿ ಸಲ ಟ್ರಿಗರ್ ಎಳೆಯಲೇಬೇಕು. ಹಳೆಯ ದಾಖಲೆಗಳಲ್ಲಿ ಇದನ್ನು "ಆಟೊಮ್ಯಾಟಿಕ್ ಪಿಸ್ತೂಲು" ಎಂದು ಬರೆದಿರುವುದನ್ನು ಕಂಡು ಕೆಲವರು ಇದು ಸರಣಿಯಾಗಿ ಗುಂಡು ಉಗುಳುವ ಮಷಿನ್ ಪಿಸ್ತೂಲು ಎಂದುಕೊಂಡಿದ್ದಾರೆ. ತಾನಾಗಿ ತುಂಬಿಕೊಳ್ಳುವುದು ಮಾತ್ರ ಇಲ್ಲಿ ಆಟೊಮ್ಯಾಟಿಕ್.

"9 ಎಂಎಂ" ಎಂಬ ಮಾತೂ ಹಾಗೆಯೇ. ಇಂದಿನ ಪೊಲೀಸರು, ಸೈನಿಕರು ಬಳಸುವ 9 ಎಂಎಂ ತೋಟೆಯ ಉದ್ದ 19 ಮಿಲಿಮೀಟರ್. ಈ ಬೆರೆಟ್ಟಾದ್ದು 17 ಮಿಲಿಮೀಟರ್. ಇಟಾಲಿಯನ್ನರು ಅದನ್ನು "9 ಕೋರ್ತೊ", ಅಂದರೆ ಗಿಡ್ಡ 9 ಎನ್ನುತ್ತಿದ್ದರು. ಒಂದು ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಗಿಡ್ಡ ತೋಟೆಯ ಶಕ್ತಿ ಕಡಿಮೆ. ಆದರೆ ಕೆಲವೇ ಅಡಿಗಳ ದೂರದಿಂದ, 78 ವರ್ಷದ ಕೃಶ ದೇಹದ ಮೇಲೆ, ಆ ವ್ಯತ್ಯಾಸಕ್ಕೆ ಅರ್ಥವಿರಲಿಲ್ಲ.

ಯುದ್ಧದ ದಾರಿ: ಇಟಲಿಯಿಂದ ಆಫ್ರಿಕಾಕ್ಕೆ

1935ರ ಅಕ್ಟೋಬರ್‌ನಲ್ಲಿ ಮುಸೊಲಿನಿಯ ಸೇನೆ ಅಬಿಸೀನಿಯಾದ ಮೇಲೆ, ಅಂದರೆ ಇಂದಿನ ಇಥಿಯೋಪಿಯಾದ ಮೇಲೆ ದಾಳಿ ಮಾಡಿತು. 1936ರ ಮೇ ತಿಂಗಳಲ್ಲಿ ರಾಜಧಾನಿ ಅಡಿಸ್ ಅಬಾಬಾ ಇಟಲಿಯ ವಶವಾಯಿತು. ಎಂ 1934 ಇಟಲಿಯ ಸೇನೆಯ ಅಧಿಕೃತ ಪಿಸ್ತೂಲಾಗಿ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದು 1937ರ ಹೊತ್ತಿಗೆ. ಆದ್ದರಿಂದ "ಅಬಿಸೀನಿಯಾ ಯುದ್ಧದ ಪಿಸ್ತೂಲು" ಎಂದಾಗ 1935ರ ದಾಳಿಯನ್ನಷ್ಟೇ ನೆನೆಯಬೇಕಿಲ್ಲ. ಇಟಲಿಯ ಸೇನೆ ಅಲ್ಲಿ 1941ರವರೆಗೂ ಇತ್ತು.

1941ರಲ್ಲಿ ಆ ಸೇನೆಯನ್ನು ಸೋಲಿಸಿದವರಲ್ಲಿ ದೊಡ್ಡ ಪಾಲು ಭಾರತೀಯ ಸೈನಿಕರದ್ದು. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಡೆದ ಕಾಳಗದಲ್ಲಿ ಭಾರತೀಯ ಸೇನೆಯ 4 ಮತ್ತು 5ನೇ ಡಿವಿಷನ್‌ಗಳಿದ್ದವು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಕೂಡ ಆ ರಂಗದಲ್ಲಿದ್ದರು. ಮೇ ತಿಂಗಳಲ್ಲಿ ಅಂಬಾ ಅಲಾಗಿಯಲ್ಲಿ ಇಟಲಿಯ ವೈಸರಾಯ್ ಶರಣಾದ. ನವೆಂಬರ್‌ನಲ್ಲಿ ಗೊಂಡಾರ್‌ನಲ್ಲಿ ಕೊನೆಯ ದೊಡ್ಡ ಪಡೆಯೂ ಶರಣಾಯಿತು.

ಆಫ್ರಿಕಾದಲ್ಲಿ ಸೆರೆಸಿಕ್ಕ ಹತ್ತಾರು ಸಾವಿರ ಇಟಾಲಿಯನ್ನರನ್ನು ಭಾರತಕ್ಕೆ ತಂದರು. ಬೆಂಗಳೂರಿನ ಜಾಲಹಳ್ಳಿ ಮುಂತಾದ ಕಡೆ ಅವರ ಶಿಬಿರಗಳಿದ್ದವು. ಅಂದರೆ ಈ ಯುದ್ಧ ನಮ್ಮಿಂದ ದೂರದ್ದೇನೂ ಅಲ್ಲ. ಇಟಲಿಯ ಸೈನಿಕರು ಬೆಂಗಳೂರಿನ ಹೊರವಲಯದಲ್ಲಿ ಕೈದಿಗಳಾಗಿದ್ದ ಕಾಲದಲ್ಲೇ, ಅವರ ಸೇನೆಯ ಆಯುಧಗಳು ಬೇರೆಯವರ ಟ್ರಂಕುಗಳಲ್ಲಿ ಪ್ರಯಾಣ ಮಾಡುತ್ತಿದ್ದವು.

ಆಫ್ರಿಕಾದಿಂದ ಭಾರತಕ್ಕೆ: ಇಲ್ಲಿ ಕಾಗದ ಕಡಿಮೆ, ಕಥೆ ಹೆಚ್ಚು

ಶರಣಾಗುವ ಸೈನಿಕರು ಆಯುಧ ಕೆಳಗಿಡುತ್ತಾರೆ. ಬಂದೂಕು, ಫಿರಂಗಿ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಪಿಸ್ತೂಲು ಗೆದ್ದವರ ಜೇಬಿಗೆ ನೆನಪಿನ ಕಾಣಿಕೆಯಾಗಿ ಹೋಗುತ್ತದೆ. ಬೆರೆಟ್ಟಾ ಚಿಕ್ಕದು, ಚಂದದ್ದು, ಕೆಡುವುದು ಕಡಿಮೆ. ಆ ಯುದ್ಧದಲ್ಲಿ ಇಟಲಿಯ ವಿರುದ್ಧ ಹೋರಾಡಿದ ಸೈನಿಕರು ಆಸೆಪಟ್ಟು ಮನೆಗೆ ಒಯ್ದ ವಸ್ತುಗಳಲ್ಲಿ ಅದೂ ಒಂದು.

606824ರ ಬಗ್ಗೆ ಬಳಕೆಯಲ್ಲಿರುವ ಕಥೆ ಹೀಗಿದೆ: ಅದು ಅಬಿಸೀನಿಯಾದಲ್ಲಿದ್ದ ಒಬ್ಬ ಇಟಾಲಿಯನ್ ಅಧಿಕಾರಿಯದು. ಅವನ ಪಡೆ ಶರಣಾದಾಗ ಗ್ವಾಲಿಯರ್ ಸಂಸ್ಥಾನದ ಪಡೆಯ ಅಧಿಕಾರಿಯೊಬ್ಬರ ಕೈಗೆ ಬಂತು. ಅವರ ಮೂಲಕ ಗ್ವಾಲಿಯರ್ ತಲುಪಿತು. ಮನೋಹರ ಮಳಗಾಂವಕರ್ ಅವರ "ದಿ ಮೆನ್ ಹೂ ಕಿಲ್ಡ್ ಗಾಂಧಿ" ಪುಸ್ತಕದ ಮೂಲಕ ಈ ಕಥೆ ಬಹಳ ಜನರಿಗೆ ಗೊತ್ತಾಯಿತು. ಸ್ವತಃ ಸೈನ್ಯದಲ್ಲಿದ್ದ ಮಳಗಾಂವಕರ್, ನಮ್ಮ ಉತ್ತರ ಕನ್ನಡದ ಜಗಲಬೇಟ್‌ನಲ್ಲಿ ದೀರ್ಘಕಾಲ ನೆಲೆಸಿದ್ದ ಲೇಖಕರು.

ಸಂಸ್ಥಾನದ ಸೇನೆ ಎಂದರೆ ಇಂದಿನ ಓದುಗರಿಗೆ ವಿಚಿತ್ರ ಅನಿಸಬಹುದು. ಆಗ ಗ್ವಾಲಿಯರ್, ಹೈದರಾಬಾದ್, ಮೈಸೂರು ಹೀಗೆ ದೊಡ್ಡ ಸಂಸ್ಥಾನಗಳಿಗೆ ತಮ್ಮದೇ ಪಡೆಗಳಿದ್ದವು, ಅವು ಬ್ರಿಟಿಷರ ಯುದ್ಧಗಳಿಗೂ ಹೋಗುತ್ತಿದ್ದವು. 1918ರಲ್ಲಿ ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ನಮಗೆಲ್ಲ ಗೊತ್ತು. ಇಂದಿನ ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಊರುಗಳು ಆಗ ಮೈಸೂರು ಸಂಸ್ಥಾನದಲ್ಲೇ ಇದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು.

ಈ ಕಥೆ ನಂಬುವಂತಿದೆ. ಆದರೆ ನಂಬುವಂತಿರುವುದು ಬೇರೆ, ಸಾಬೀತಾಗಿರುವುದು ಬೇರೆ. ನಮ್ಮ ಊರಿನ ಉದಾಹರಣೆಯಲ್ಲೇ ಹೇಳುವುದಾದರೆ, ಚನ್ನಗಿರಿಯಲ್ಲಿ ಅಡಿಕೆ ತೋಟ ಇರುವ ಒಬ್ಬರ ಬಳಿ ಬೆಳೆ ರಕ್ಷಣೆಯ ಲೈಸೆನ್ಸ್ ಬಂದೂಕು ಇದೆ ಅಂದುಕೊಳ್ಳಿ. ಬಂದೂಕಿನ ನಂಬರ್ ಲೈಸೆನ್ಸ್ ಪುಸ್ತಕದಲ್ಲಿರುತ್ತದೆ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ, ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ ತರುತ್ತಾರೆ. ಯಾವ ದಿನ ಬಂದೂಕು ಯಾರ ಬಳಿ ಇತ್ತು ಎಂದು ಹತ್ತು ವರ್ಷದ ನಂತರವೂ ಹೇಳಬಹುದು. ಯುದ್ಧಭೂಮಿಯಲ್ಲಿ ಜೇಬಿಗೆ ಸೇರಿದ ಪಿಸ್ತೂಲಿಗೆ ಇಂಥ ರಸೀದಿ ಇರುವುದಿಲ್ಲ. ಕಾರ್ಖಾನೆಯ ನಂಬರ್ ಒಂದು ತುದಿಯಲ್ಲಿ, ಪೊಲೀಸರ ಜಪ್ತಿ ಇನ್ನೊಂದು ತುದಿಯಲ್ಲಿ. ನಡುವಿನ ವರ್ಷಗಳನ್ನು ಜನರ ಮಾತಿನಿಂದ ತುಂಬಿಸಬೇಕಾಗುತ್ತದೆ.

ಫಾರ್ವರ್ಡ್‌ಗಳು ಹುಟ್ಟುವುದು ಈ ಖಾಲಿ ಜಾಗದಲ್ಲಿ.

ದೆಹಲಿಗೆ ಬಂದದ್ದು ಹೇಗೆ? ಕೋರ್ಟಿನ ಮುಂದೆ ಎರಡು ಮಾತು

1948ರ ಜನವರಿ 20ರಂದು ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಮದನಲಾಲ್ ಪಹ್ವಾ ಸ್ಫೋಟ ನಡೆಸಿದ. ಆ ಯತ್ನ ವಿಫಲವಾಯಿತು. ಗೋಡ್ಸೆ ಮತ್ತು ನಾರಾಯಣ ಆಪ್ಟೆ 27ರಂದು ವಿಮಾನದಲ್ಲಿ ದೆಹಲಿಗೆ ಬಂದು, ರೈಲಿನಲ್ಲಿ ಗ್ವಾಲಿಯರ್‌ಗೆ ಹೋಗಿ, 29ರಂದು ದೆಹಲಿಗೆ ಮರಳಿದರು. ಗ್ವಾಲಿಯರ್‌ನಲ್ಲಿ ಡಾ. ದತ್ತಾತ್ರೇಯ ಪರ್ಚುರೆ ಅವರ ನೆರವಿನಿಂದ ಈ ಪಿಸ್ತೂಲು ಸಿಕ್ಕಿತು ಎಂಬುದು ಸರ್ಕಾರದ ಪರ ವಾದ.

ಗೋಡ್ಸೆ ಹೇಳಿದ್ದು ಬೇರೆ. ಗ್ವಾಲಿಯರ್‌ಗೆ ಹೋಗಿದ್ದು ನಿಜ, ಆದರೆ ಪಿಸ್ತೂಲು ಸಿಕ್ಕಿದ್ದು ದೆಹಲಿಯ ನಿರಾಶ್ರಿತರ ನಡುವೆ ಆಯುಧ ಮಾರುತ್ತಿದ್ದವನಿಂದ ಎಂದು ಆತ ಹೇಳಿಕೆ ಕೊಟ್ಟ. ಇದರಿಂದ ಬೇರೆಯವರ ಮೇಲಿನ ಸಂಚಿನ ಆರೋಪ ಸಡಿಲವಾಗುತ್ತಿತ್ತು ಎನ್ನುವುದನ್ನು ಗಮನಿಸಬೇಕು.

ಕೆಂಪು ಕೋಟೆಯ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಆತ್ಮಚರಣ್ ಅವರು 1949ರ ಫೆಬ್ರವರಿ 10ರಂದು ತೀರ್ಪು ಕೊಟ್ಟರು. ಗೋಡ್ಸೆ, ಆಪ್ಟೆಗೆ ಮರಣದಂಡನೆ, ಪರ್ಚುರೆ ಸೇರಿ ಇತರ ಕೆಲವರಿಗೆ ಜೀವಾವಧಿ ಶಿಕ್ಷೆ, ವಿ.ಡಿ. ಸಾವರ್ಕರ್ ಖುಲಾಸೆ. ಮೇಲ್ಮನವಿಯಲ್ಲಿ ಶಿಮ್ಲಾದಲ್ಲಿದ್ದ ಪೂರ್ವ ಪಂಜಾಬ್ ಹೈಕೋರ್ಟ್ 1949ರ ಜೂನ್‌ನಲ್ಲಿ ಪರ್ಚುರೆ ಮತ್ತು ಶಂಕರ ಕಿಷ್ಟಯ್ಯ ಅವರನ್ನು ಬಿಡುಗಡೆ ಮಾಡಿತು. ಗೋಡ್ಸೆ, ಆಪ್ಟೆಯ ಶಿಕ್ಷೆ ಉಳಿಯಿತು. ಇಬ್ಬರನ್ನೂ 1949ರ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

"ಪಿಸ್ತೂಲು ಎಲ್ಲಿಂದ ಬಂತು ಎಂದು ಗೊತ್ತಿಲ್ಲ, ಹಾಗಾಗಿ ಕೇಸೇ ಸುಳ್ಳು" ಎಂಬ ಫಾರ್ವರ್ಡ್ ಎಲ್ಲಿ ಎಡವುತ್ತದೆ ಎಂದು ಈಗ ಕಾಣುತ್ತದೆ. ಪಿಸ್ತೂಲು ಯಾರು ಕೊಟ್ಟರು ಎಂಬುದು ಒಂದು ಪ್ರಶ್ನೆ. ಯಾರು ಹಾರಿಸಿದರು ಎಂಬುದು ಇನ್ನೊಂದು. ಮೊದಲ ಪ್ರಶ್ನೆಯ ಉತ್ತರ ಎಷ್ಟೇ ಅಲುಗಾಡಿದರೂ ಎರಡನೆಯದರ ಉತ್ತರ ಅಲುಗಾಡುವುದಿಲ್ಲ. ಎರಡನೆಯದಕ್ಕೆ ಎದುರಿಗೆ ನಿಂತು ನೋಡಿದವರ ಸಾಕ್ಷ್ಯವಿತ್ತು, ಸ್ಥಳದಲ್ಲೇ ಬಂಧನವಾಗಿತ್ತು, ಆಯುಧ ಅಲ್ಲೇ ಸಿಕ್ಕಿತ್ತು. ಹತ್ಯೆ ಮಾಡಿದ್ದು ತಾನೇ ಎಂದು ಆರೋಪಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದ.

ಗುಂಡು ಇದೇ ಪಿಸ್ತೂಲಿನದು ಎಂದು ಹೇಗೆ ಗೊತ್ತಾಗುತ್ತದೆ?

ಅಡಕತ್ತರಿ ಬಳಸುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು ಅಡಕತ್ತರಿಯಲ್ಲಿ ಕತ್ತರಿಸಿದ ಅಡಿಕೆ ಹೋಳುಗಳನ್ನು ಹತ್ತಿರದಿಂದ ನೋಡಿ. ಒಂದರ ಅಲಗಿನಲ್ಲಿ ಸಣ್ಣ ಮುಕ್ಕು ಇದ್ದರೆ ಅದರ ಗೀರು ಪ್ರತಿ ಹೋಳಿನ ಮೇಲೂ ಬೀಳುತ್ತದೆ.

ಪಿಸ್ತೂಲಿನ ನಳಿಗೆಯ ಒಳಗೆ ಸ್ಕ್ರೂ ತರಹದ ಸುರುಳಿ ಗಾಡಿಗಳಿರುತ್ತವೆ. ಗುಂಡನ್ನು ತಿರುಗಿಸಿ ನೇರವಾಗಿ ಕಳಿಸಲು ಅವು ಬೇಕು. ಗುಂಡು ಹಾದುಹೋಗುವಾಗ ಆ ಗಾಡಿಗಳ, ಅವುಗಳ ಸವೆತದ ಗುರುತು ಅದರ ಮೈಮೇಲೆ ಬೀಳುತ್ತದೆ. ಹೊರಗೆ ಬಿದ್ದ ಖಾಲಿ ತೋಟೆಯ ಮೇಲೂ ಪಿನ್ ಹೊಡೆದ ಗುರುತು, ಎಳೆದು ಎಸೆದ ಕೊಕ್ಕೆಯ ಗುರುತು ಇರುತ್ತದೆ. ತಜ್ಞರು ಅದೇ ಪಿಸ್ತೂಲಿನಿಂದ ಪರೀಕ್ಷೆಗಾಗಿ ಗುಂಡು ಹಾರಿಸಿ, ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಈ ಪ್ರಕರಣದಲ್ಲೂ ಗುಂಡು, ತೋಟೆಗಳನ್ನು ಹೀಗೆ ತಜ್ಞರಿಂದ ಪರೀಕ್ಷಿಸಲಾಯಿತು. ಅವು ಈ ಪಿಸ್ತೂಲಿನಿಂದ ಹಾರಿದವು ಎಂಬ ಸಾಕ್ಷ್ಯ ಕೋರ್ಟಿನ ಮುಂದೆ ಬಂತು.

ಈ ವಿಧಾನಕ್ಕೂ ಮಿತಿಯಿದೆ. ಗುರುತುಗಳನ್ನು ಹೋಲಿಸುವುದು ಕೊನೆಗೆ ತಜ್ಞರ ಕಣ್ಣು ಮತ್ತು ಅನುಭವದ ಮೇಲೆ ನಿಂತಿದೆ. ಇದು ಹೇಳುವುದು "ಗುಂಡು ಈ ಪಿಸ್ತೂಲಿನದು" ಎಂದಷ್ಟೇ. ಹಿಡಿದ ಕೈ ಯಾರದು ಎಂದು ಹೇಳಲು ಬೇರೆ ಸಾಕ್ಷ್ಯ ಬೇಕು. ಇಲ್ಲಿ ಅದೂ ಇತ್ತು.

ನಾಲ್ಕನೇ ಗುಂಡು

ಈಗ ಹೊನ್ನಾಳಿಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ.

ನಾಲ್ಕು ಎಂಬ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ. ಹತ್ಯೆಯ ಮರುದಿನದ ಕೆಲವು ಪತ್ರಿಕಾ ವರದಿಗಳಲ್ಲಿ ನಾಲ್ಕು ಗುಂಡು ಎಂಬ ಮಾತು ಬಂದಿತ್ತು. ಇದನ್ನೇ ಆಧಾರ ಮಾಡಿಕೊಂಡು, ಹತ್ಯೆಯ ಮರುತನಿಖೆ ಆಗಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋಯಿತು. ಅರ್ಜಿದಾರರ ಲೆಕ್ಕ ಸರಳವಾಗಿತ್ತು: ಮ್ಯಾಗಜೀನ್‌ನಲ್ಲಿ ಏಳು ಗುಂಡು, ವಶಪಡಿಸಿಕೊಂಡಾಗ ನಾಲ್ಕು ಉಳಿದಿದ್ದವು, ಅಂದರೆ ಹಾರಿದ್ದು ಮೂರು. ನಾಲ್ಕನೆಯ ಗುಂಡು ತಗುಲಿದ್ದರೆ ಅದು ಬೇರೆ ಆಯುಧದ್ದೇ ಆಗಿರಬೇಕು.

ಲೆಕ್ಕದಲ್ಲಿ ತಪ್ಪಿಲ್ಲ. ತೊಂದರೆ ಇರುವುದು "ತಗುಲಿದ್ದರೆ" ಎಂಬ ಒಂದು ಪದದಲ್ಲಿ. ನಾಲ್ಕನೆಯ ಗುಂಡು ಇತ್ತು ಎಂದು ಮೊದಲು ತೋರಿಸಬೇಕು. ವಿಚಾರಣೆಯ ದಾಖಲೆಯಲ್ಲಿರುವುದು ಮೂರು ಗುಂಡು. ಏಳರಲ್ಲಿ ನಾಲ್ಕು ಉಳಿದಿದ್ದು ಕೂಡ ಅದಕ್ಕೇ ಹೊಂದುತ್ತದೆ. ಮರುತನಿಖೆಯ ಪರ ಬಳಸಿದ ಲೆಕ್ಕವೇ ಮೂರು ಗುಂಡಿನ ಮಾತನ್ನು ಗಟ್ಟಿ ಮಾಡುತ್ತದೆ.

ಹಾಗಾದರೆ ಪತ್ರಿಕೆಗಳಲ್ಲಿ ನಾಲ್ಕು ಹೇಗೆ ಬಂತು? ಆ ಸಂಜೆ ಅಲ್ಲಿದ್ದವರು ಪ್ರಾರ್ಥನೆಗೆ ಬಂದ ಜನ. ಶಬ್ದ ಎಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಹಾರಿದ ಗುಂಡುಗಳನ್ನು ಒಬ್ಬರು ಮೂರು ಎಂದು, ಇನ್ನೊಬ್ಬರು ನಾಲ್ಕು ಎಂದು ಹೇಳುವುದು ಯಾವ ಘಟನೆಯಲ್ಲೂ ಸಾಮಾನ್ಯ. ಇನ್ನೊಂದು ಕಾರಣವನ್ನೂ ನೆನಪಿಡಬೇಕು: ಗಾಯಗಳ ಸಂಖ್ಯೆ, ಗುಂಡುಗಳ ಸಂಖ್ಯೆ ಒಂದೇ ಅಲ್ಲ. ದೇಹದೊಳಗೆ ಹೋಗಿ ಇನ್ನೊಂದು ಬದಿಯಿಂದ ಹೊರಬಂದ ಒಂದು ಗುಂಡು ಎರಡು ಗಾಯ ಮಾಡುತ್ತದೆ. ಗಾಯ ಎಣಿಸಿ ಗುಂಡಿನ ಲೆಕ್ಕ ಹೇಳಿದರೆ ಸಂಖ್ಯೆ ಹೆಚ್ಚಾಗುತ್ತದೆ. ಮೊದಲ ದಿನದ ಸುದ್ದಿ ಅವಸರದ ಸುದ್ದಿ. ಬಸ್ ಅಪಘಾತದ ಮೊದಲ ವರದಿಯ ಸಾವಿನ ಸಂಖ್ಯೆ ಮರುದಿನ ಬದಲಾಗುವುದನ್ನು ನಾವು ಈಗಲೂ ನೋಡುತ್ತೇವೆ.

ಸುಪ್ರೀಂ ಕೋರ್ಟ್ ಈ ಅರ್ಜಿಯನ್ನು ಮೊದಲ ದಿನವೇ ತಳ್ಳಿಹಾಕಲಿಲ್ಲ. ಹಿರಿಯ ವಕೀಲ ಅಮರೇಂದ್ರ ಶರಣ್ ಅವರನ್ನು ನೆರವಿಗೆ ನೇಮಿಸಿ ದಾಖಲೆ ಪರಿಶೀಲಿಸಲು ಹೇಳಿತು. ಎರಡನೇ ಹಂತಕ ಇದ್ದ ಎಂಬುದಕ್ಕೆ ಆಧಾರ ಇಲ್ಲ, ಮರುತನಿಖೆ ಬೇಕಿಲ್ಲ ಎಂದು ಅವರು 2018ರ ಜನವರಿಯಲ್ಲಿ ವರದಿ ಕೊಟ್ಟರು. 2018ರ ಮಾರ್ಚ್ 28ರಂದು ಅರ್ಜಿ ವಜಾ ಆಯಿತು. ಇಂದು ಬರುವ ಹಲವು ಫಾರ್ವರ್ಡ್‌ಗಳು "ಸುಪ್ರೀಂ ಕೋರ್ಟ್ ಮರುತನಿಖೆಗೆ ಒಪ್ಪಿದೆ" ಎಂಬಲ್ಲಿಗೇ ನಿಲ್ಲುತ್ತವೆ. ಅವು 2017ರ ಸುದ್ದಿಯ ತುಣುಕು ಹಿಡಿದುಕೊಂಡು, 2018ರ ಕೊನೆಯನ್ನು ಬಿಟ್ಟುಬಿಟ್ಟಿವೆ.

ಇದು ಏಕೆ ಮುಖ್ಯ?

"ಎಪ್ಪತ್ತು ವರ್ಷ ಕಳೆದ ಮೇಲೆ ಮೂರೋ ನಾಲ್ಕೋ, ಏನು ವ್ಯತ್ಯಾಸ?" ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಸಂಖ್ಯೆಗಾಗಿಯೇ ಆದರೆ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಈ ಫಾರ್ವರ್ಡ್‌ಗಳು ಕೆಲಸ ಮಾಡುವ ರೀತಿಯನ್ನು ಗಮನಿಸಬೇಕು. ನಾವು ಸಂವಹನ ಓದಿದವರು. ಸಂದೇಶ ಸುಳ್ಳೋ ನಿಜವೋ ಎನ್ನುವುದರ ಜೊತೆಗೆ ಅದು ಹೇಗೆ ನಂಬಿಸುತ್ತದೆ ಎಂದೂ ನೋಡುತ್ತೇವೆ.

ಇವು ಪೂರ್ತಿ ಸುಳ್ಳು ಹೇಳುವುದಿಲ್ಲ. ಸರಪಳಿಯ ನಿಜವಾಗಿಯೂ ಸಡಿಲ ಇರುವ ಒಂದು ಕೊಂಡಿಯನ್ನು ತೋರಿಸುತ್ತವೆ. ಯುದ್ಧದಲ್ಲಿ ಕೈಬದಲಾದ ಪಿಸ್ತೂಲಿಗೆ ರಸೀದಿ ಇಲ್ಲ: ನಿಜ. ಕೆಲವು ಪತ್ರಿಕೆಗಳು ನಾಲ್ಕು ಎಂದು ಬರೆದವು: ನಿಜ. ಗ್ವಾಲಿಯರ್‌ನ ಆರೋಪಿ ಬಿಡುಗಡೆಯಾದರು: ನಿಜ. ಆಮೇಲೆ ಅದೇ ಉಸಿರಿನಲ್ಲಿ, ಗಟ್ಟಿಯಾಗಿರುವ ಇನ್ನೊಂದು ಕೊಂಡಿಯೂ ಮುರಿದಿದೆ ಎನ್ನುತ್ತವೆ. ಓದುವವರ ಗಮನ ಮೊದಲ ನಿಜದ ಮೇಲೆ ಇರುವಾಗ ಎರಡನೇ ಮಾತು ಸದ್ದಿಲ್ಲದೆ ಒಳಗೆ ಬರುತ್ತದೆ.

ಹಾಗಾಗಿ ಇಂಥ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಅನುಮಾನ ಯಾವ ಕೊಂಡಿಯದು? ಪಿಸ್ತೂಲು ತಯಾರಾದದ್ದೇ, ಯುದ್ಧದಲ್ಲಿ ಕೈಬದಲಾದದ್ದೇ, ಹಂತಕನಿಗೆ ಸಿಕ್ಕಿದ್ದೇ, ಗುಂಡು ಹಾರಿದ್ದೇ? ಒಂದರ ಅನುಮಾನವನ್ನು ಇನ್ನೊಂದಕ್ಕೆ ಅಂಟಿಸಿದ್ದಾರೆಯೇ? ಈ ಪ್ರಶ್ನೆ ಪಿಸ್ತೂಲಿಗೆ ಮಾತ್ರ ಅಲ್ಲ, ಲ್ಯಾಬ್ ರಿಪೋರ್ಟ್, ಆಸ್ತಿ ಪತ್ರ, ಲಸಿಕೆಯ ಮೆಸೇಜ್‌ಗಳಿಗೂ ಅನ್ವಯಿಸುತ್ತದೆ.

ಅಂದ ಹಾಗೆ, 1934 ನಮ್ಮ ಭಾಗಕ್ಕೂ ನೆನಪಿರಬೇಕಾದ ವರ್ಷ. ಗಾರ್ದೊನೆಯ ಕಾರ್ಖಾನೆಯಲ್ಲಿ ಆ ಮಾದರಿ ಹೊರಬಂದ ವರ್ಷವೇ, ಅಸ್ಪೃಶ್ಯತೆ ವಿರುದ್ಧದ ಹರಿಜನ ಪ್ರವಾಸದಲ್ಲಿ ಗಾಂಧೀಜಿ ದಾವಣಗೆರೆಗೆ ಬಂದಿದ್ದರು. ದೆಹಲಿಯ ರಾಜಘಾಟ್ ಎದುರಿನ ರಾಷ್ಟ್ರೀಯ ಗಾಂಧಿ ವಸ್ತುಸಂಗ್ರಹಾಲಯದಲ್ಲಿ ಆ ಸಂಜೆ ಅವರು ಉಟ್ಟಿದ್ದ ರಕ್ತದ ಕಲೆಯ ಬಟ್ಟೆ ಮತ್ತು ಒಂದು ಗುಂಡನ್ನು ಇಟ್ಟಿದ್ದಾರೆ. ದೆಹಲಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಗ್ರೂಪಿಗೆ ಹಾಕಲು ಚಿಕ್ಕ ಉತ್ತರ

ನಿಮ್ಮ ಗ್ರೂಪಿನಲ್ಲಿ ಈ ಫಾರ್ವರ್ಡ್ ಬಂದರೆ ಜಗಳ ಬೇಡ, ಇಷ್ಟನ್ನು ಕಾಪಿ ಮಾಡಿ ಹಾಕಿ:

"ಆ ಫೋಟೊ 1963ರ ಸಿನಿಮಾದ್ದು. ಪಿಸ್ತೂಲು ಇಟಲಿಯ ಬೆರೆಟ್ಟಾ, ನಂಬರ್ 606824. ಬ್ರಿಟಿಷರದ್ದಲ್ಲ, ರಿವಾಲ್ವರ್ ಅಲ್ಲ. ಯುದ್ಧದಿಂದ ಗ್ವಾಲಿಯರ್‌ಗೆ ಬಂದ ದಾರಿ ಜನಪ್ರಿಯ ಕಥೆ. ಆದರೆ ಹಾರಿಸಿದವನು ಸ್ಥಳದಲ್ಲೇ ಸಿಕ್ಕಿಬಿದ್ದ, ಕೋರ್ಟಿನಲ್ಲಿ ಒಪ್ಪಿಕೊಂಡ. ದಾಖಲೆಯಲ್ಲಿರುವುದು ಮೂರು ಗುಂಡು. ನಾಲ್ಕನೇ ಗುಂಡಿನ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 28ರಂದು ವಜಾ ಮಾಡಿದೆ."

ಹೊನ್ನಾಳಿಯ ವಿದ್ಯಾರ್ಥಿನಿಗೆ ನಾವು ಕಳಿಸಿದ ಉತ್ತರವೂ ಇದೇ: ಮೂರು ಎಂದು ಹೇಳು. ಯಾರಾದರೂ ಎದ್ದು ನಾಲ್ಕು ಎಂದರೆ, ನಾಲ್ಕು ಎಲ್ಲಿಂದ ಬಂತು ಎಂದೂ ನಿನಗೆ ಈಗ ಗೊತ್ತು.